ಒಲೆ ಬಿಟ್ಟುಕೊಟ್ಟ ಅಕ್ಕನಿಗೆ

ಬೇಸಿಗೆಯಲ್ಲೇ ಮುಗಿಯಬೇಕಿದ್ದ ನಮ್ಮ ಅಡುಗೆಮನೆಯ ಕೆಲಸ ಅರ್ಧ ಮಳೆಗಾಲವನ್ನೂ ನುಂಗಿ, ಕೊನೆಗೂ ಕಳೆದ ವಾರ ಮುಗಿಯಿತು. ಮುಂಗಾರು ಹಿಡಿದ ಮೇಲೆ ಚಿಕ್ಕಮಗಳೂರಿನಲ್ಲಿ ಗಾರೆ ಕೆಲಸ ಹೇಗೆ ಸಾಗುತ್ತದೆ ಎಂಬುದನ್ನು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟೆ ಒಡೆದದ್ದು, ಕಿಟಕಿ ಹಿಗ್ಗಿಸಿದ್ದು, ಗ್ರಾನೈಟಿಗಾಗಿ ಕಾದದ್ದು ಎಲ್ಲವನ್ನೂ ಕೇಳಿ ಕೇಳಿ ನೀವೂ ಬೇಸತ್ತಿದ್ದೀರಿ. ಅಷ್ಟು ದಿನವೂ ನಮ್ಮ ಮನೆಯಲ್ಲಿ ಎಲ್ಲರೂ ಹೊಟ್ಟೆ ತುಂಬ, ಬಾಯಿಗೆ ರುಚಿಯಾಗಿ ಉಂಡೆವು. ಅದಕ್ಕೆ ಕಾರಣರಾದವರನ್ನು ನೆನೆಯಲು ಈ ಬರಹ.

ಕಡೂರಿನಿಂದ ಬಸ್ಸಿನಲ್ಲಿ ಹುರಿಹಿಟ್ಟು, ಚಟ್ನಿಪುಡಿ ಕಳುಹಿಸಿದ ತಂಗಿಗೆ, ಮಧ್ಯಾಹ್ನದ ಡಬ್ಬಿಯಲ್ಲಿ ನನ್ನ ಪಾಲನ್ನೂ ತಂದ ಸಹೋದ್ಯೋಗಿಗಳಿಗೆ, ಸಂಜೆ ಬಿಸಿ ಅಕ್ಕಿರೊಟ್ಟಿ ಕಟ್ಟಿಕೊಟ್ಟ ಬೀದಿ ಕೊನೆಯ ಮೆಸ್ಸಿನವರಿಗೆ, ಮಳೆಯಲ್ಲೂ ಕೆಲಸ ಕೈಬಿಡದ ಮೇಸ್ತ್ರಿಗೆ ನಮ್ಮ ನಮಸ್ಕಾರಗಳು.

ಹಜಾರದ ಮೂಲೆಯಲ್ಲಿಟ್ಟ ಇಂಡಕ್ಷನ್ ಒಲೆಯನ್ನೇ ನಂಬಿ ನಾವು ಕೆಲಸ ಶುರು ಮಾಡಿಸಿದ್ದೆವು. ತಳಕ್ಕೆ ಅಯಸ್ಕಾಂತ ಅಂಟದ ಪಾತ್ರೆ ಅದರ ಮೇಲೆ ಕಾಯುವುದಿಲ್ಲವಾದ್ದರಿಂದ ಮನೆಯ ಹಳೆಯ ಅಲ್ಯೂಮಿನಿಯಂ ಕುಕ್ಕರ್ ಮೊದಲ ದಿನವೇ ಅಟ್ಟ ಸೇರಿತು. ಕರೆಂಟು ಹೋದಾಗಲೆಲ್ಲ ನೆನೆಸಿದ ಹೆಸರುಬೇಳೆಯ ಕೋಸಂಬರಿ, ಮೊಸರವಲಕ್ಕಿ, ಹುರಿಹಿಟ್ಟು. ನಮಗೇನೋ ಅದು ನಡೆದೀತು. ಇನ್ಸುಲಿನ್ ತೆಗೆದುಕೊಳ್ಳುವ ಅತ್ತೆಯವರಿಗೆ ಊಟದ ಹೊತ್ತು ತಪ್ಪುವಂತಿರಲಿಲ್ಲ.

ಇದನ್ನು ನಾವು ಹೇಳುವ ಮೊದಲೇ ಅರಿತವರು ಹಿಂದಿನ ಮನೆಯ ಅಕ್ಕ. ಊಟ ಕೊಟ್ಟವರು ಹಲವರಿದ್ದಾರೆ, ಅಕ್ಕ ಒಲೆಯನ್ನೇ ಕೊಟ್ಟರು. ತಮ್ಮ ಎರಡು ಒಲೆಗಳಲ್ಲಿ ಒಂದನ್ನು ನನಗೆ ಬಿಟ್ಟು, ಗೂಡಿನ ಕೆಳಗಿನ ಹಲಗೆಯಿಂದ ತಮ್ಮ ಡಬ್ಬಿಗಳನ್ನೆಲ್ಲ ತೆಗೆದು, ಅಲ್ಲಿ ನನ್ನ ಉಪ್ಪು, ಹುಳಿ, ಸಾರಿನ ಪುಡಿ ಇಡಿಸಿದರು. ಹಿತ್ತಲ ಬಾಗಿಲಿನ ಚಿಲಕವನ್ನು ಬೆಳಗಿನ ಐದು ಗಂಟೆಗೇ ತೆಗೆದಿಡುತ್ತಿದ್ದರು. ಇನ್ನೊಬ್ಬ ಹೆಂಗಸನ್ನು ತನ್ನ ಒಲೆಯ ಮುಂದೆ ದಿನವೂ ನಿಲ್ಲಲು ಬಿಡುವುದು ಎಷ್ಟು ದೊಡ್ಡ ಮಾತೆಂದು ಅಡುಗೆಮನೆ ನಡೆಸಿದವರಿಗೆ ತಿಳಿದಿರುತ್ತದೆ.

ಟಾರ್ಪಾಲು ಹಾರಿಹೋದ ಆ ರಾತ್ರಿಯ ಸಂಗತಿ ನಿಮಗೆಲ್ಲ ಗೊತ್ತು. ಪತಿ ಬೆಂಗಳೂರಿನಲ್ಲಿದ್ದರು, ಕರೆಂಟಿರಲಿಲ್ಲ, ಒಡೆದ ಕಿಟಕಿಯಿಂದ ನುಗ್ಗಿದ ನೀರು ಹಜಾರದ ಅಕ್ಕಿ ಮೂಟೆಯವರೆಗೂ ಬಂದಿತ್ತು. ಇನ್ಸುಲಿನ್ ಆಗಿದ್ದು ಊಟವಾಗದ ಅತ್ತೆಯವರ ಕೈ ನಡುಗುತ್ತಿತ್ತು, ಮೈ ಬೆವರುತ್ತಿತ್ತು. ನನ್ನ ಕೂಗಿಗೆ ಟಾರ್ಚು ಹಿಡಿದು ಓಡಿಬಂದ ಅಕ್ಕ ನೀರಿನ ಕಡೆ ತಿರುಗಿಯೂ ನೋಡಲಿಲ್ಲ. "ಅಕ್ಕಿ ಹಾಳಾಗ್ಲಿ ಬಿಡು, ಮೊದ್ಲು ಅಮ್ಮಂಗೆ ಸಕ್ಕರೆ ನೀರು ಕುಡಿಸು" ಎಂದರು. ಅತ್ತೆಯವರು ಚೇತರಿಸಿಕೊಂಡ ಮೇಲೆ ತಮ್ಮ ಮನೆಯಿಂದ ಬಿಸಿ ಗಂಜಿ ತಂದು ಉಣಿಸಿ, ಸಕ್ಕರೆ ಮತ್ತೆ ಇಳಿದೀತೆಂದು ಬೆಳಗಿನವರೆಗೂ ಹಾಸಿಗೆಯ ಪಕ್ಕದಲ್ಲೇ ಕುಳಿತರು. ಹೋದ ವರ್ಷವಷ್ಟೇ ತಾಯಿಯನ್ನು ಕಳೆದುಕೊಂಡ ನನಗೆ ಆ ನಡುಗುವ ಕೈ ಕಂಡು ಏನಾಯಿತೆಂಬುದನ್ನು ಈಗಲೂ ಬರೆಯಲಾಗುತ್ತಿಲ್ಲ. ಅಕ್ಕ ಇಲ್ಲದಿದ್ದರೆ ಎಂಬ ಯೋಚನೆ ಬಂದಾಗಲೆಲ್ಲ ಹೊಟ್ಟೆಯಲ್ಲಿ ತಣ್ಣಗಾಗುತ್ತದೆ.

ಬೆಳಿಗ್ಗೆ ಅವರು ನೆನೆದ ಅಕ್ಕಿಯನ್ನು ಬಿಸಾಡಗೊಡಲಿಲ್ಲ. ನಾಲ್ಕು ನೀರಿನಲ್ಲಿ ತೊಳೆದು, ಕರೆಂಟು ಬಂದೊಡನೆ ರುಬ್ಬಿ, ಎರಡೂ ಮನೆಗೆ ಸಾಕಾಗುವಷ್ಟು ನೀರುದೋಸೆ ಹುಯ್ದರು. ಅಂದಿನಿಂದ ಅತ್ತೆಯವರ ರಾತ್ರಿಯೂಟದ ಹೊಣೆಯನ್ನು ನನ್ನಿಂದ ಕಿತ್ತುಕೊಂಡರೆಂದೇ ಹೇಳಬೇಕು. ಅನ್ನ ಕಡಿಮೆ, ಸೊಪ್ಪಿನ ಪಲ್ಯ ಹೆಚ್ಚು ಎಂಬ ಲೆಕ್ಕ ನನಗಿಂತ ಅವರಿಗೇ ಚೆನ್ನಾಗಿ ಬರುತ್ತಿತ್ತು. ಹೆಚ್ಚಿದ ಕಳಲೆಯನ್ನು ದಿನವೂ ನೀರು ಬದಲಿಸುತ್ತ ಮೂರು ದಿನ ನೆನೆಸಿದರಷ್ಟೇ ಅದರ ನಂಜು ಹೋಗುವುದು. ನಲ್ಲಿಯೇ ಇಲ್ಲದ ಮನೆಯಲ್ಲಿ ಅದು ಆಗುವ ಮಾತಲ್ಲ. ಆದರೂ ಈ ಮಳೆಗಾಲ ನಮಗೆ ಕಳಲೆ ಪಲ್ಯ ತಪ್ಪಲಿಲ್ಲ, ಹುಳಿ ಮುಂದಾಗಿ ಹಾಕಿದ ಕೆಸುವಿನೆಲೆಯ ಪತ್ರೊಡೆಯೂ ತಪ್ಪಲಿಲ್ಲ.

ಹೊಸ ಒಲೆಯಲ್ಲಿ ಹಾಲು ಉಕ್ಕಿಸುವ ದಿನ ಅತ್ತೆಯವರು ಲೈಟರನ್ನು ಅಕ್ಕನ ಕೈಗೇ ಕೊಟ್ಟರು. ಮನೆಯ ಹಿರಿಯರು ನೀವಿರುವಾಗ ನಾನು ಹಚ್ಚುವುದೇ ಎಂದು ಅಕ್ಕ ಹಿಂಜರಿದರು, ಅತ್ತೆಯವರು ಕೇಳಲಿಲ್ಲ. ಸೀರೆ ಮಾತ್ರ ಬೇಡವೆಂದು ಹಿಂತಿರುಗಿಸಿದ್ದಾರೆ. ಗೌರಿ ಹಬ್ಬದ ಬಾಗಿನದಲ್ಲಿ ಇಟ್ಟರೆ ಬೇಡವೆನ್ನಲಾರರೆಂದು ನಾವು ಸುಮ್ಮನಿದ್ದೇವೆ.

ಬರುವ ಭಾನುವಾರ ಎಲ್ಲರೂ ಮಧ್ಯಾಹ್ನದ ಊಟಕ್ಕೆ ದಯಮಾಡಿಸಬೇಕು, ಕಡುಬು ಮಾಡುತ್ತೇವೆ. ನಿಮ್ಮ ಡಬ್ಬಿ, ತಟ್ಟೆ, ಮುಚ್ಚಳಗಳು ರಾಶಿಯಾಗಿ ನಮ್ಮಲ್ಲೇ ಉಳಿದಿವೆ; ಯಾರದು ಯಾವುದೆಂದು ನನಗೆ ತಿಳಿಯುತ್ತಿಲ್ಲವಾದ್ದರಿಂದ ಗುರುತು ಹಿಡಿದು ನೀವೇ ತೆಗೆದುಕೊಳ್ಳಬೇಕು. ಬರಿದಾಗಿ ಮಾತ್ರ ಕಳುಹಿಸುವುದಿಲ್ಲ.