ಕಂಪನಿ ಕೇಳುವುದು ರಿಯಾಯಿತಿಯನ್ನಲ್ಲ, ಲೆಕ್ಕವನ್ನು

ಮಾನ್ಯರೇ,

ವಿದೇಶಿ ಹೂಡಿಕೆಯ ಮಾತು ಬಂದಾಗಲೆಲ್ಲ ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿ ಮುಂದಿಡುವುದು ಎರಡೇ: ಅಗ್ಗದ ಜಮೀನು, ತೆರಿಗೆ ರಿಯಾಯಿತಿ. ಕಂಪನಿಗಳು ಜಾಗ ಆರಿಸುವಾಗ ಇವೆರಡೂ ಬರುವುದು ಕೊನೆಗೆ. ಮೊದಲು ದೇಶ, ಆಮೇಲೆ ರಾಜ್ಯ, ಆಮೇಲೆ ಹತ್ತಾರು ಜಾಗಗಳ ಪಟ್ಟಿ. ಆ ಪಟ್ಟಿ ಮೂರ್ನಾಲ್ಕಕ್ಕೆ ಇಳಿಯುವ ತನಕ ಯಾರೂ ಇಲ್ಲಿಗೆ ಬರುವುದಿಲ್ಲ, ಕಾಗದಪತ್ರ ನೋಡಿಯೇ ಹೆಸರು ಹೊಡೆದುಹಾಕುತ್ತಾರೆ. ನಾವು ಸೋಲುವುದು ಅಲ್ಲಿಯೇ.

ಉಕ್ಕಿನ ಮಾತು ಬೇರೆ. ಒಂದು ಟನ್ ಉಕ್ಕಿಗೆ ಒಂದೂವರೆ ಟನ್ನಿನಷ್ಟು ಅದಿರು ಬೇಕು, ಹಾಗಾಗಿ ಸಂಡೂರಿನ ಗಣಿಯ ಹತ್ತಿರಕ್ಕೆ ಬಂದೇ ಬರುತ್ತಾರೆ. ಆದರೂ ಹೇಗೆ ಬರುತ್ತಾರೆ ನೋಡಿ. ಜಪಾನಿನ ಉಕ್ಕು ಕಂಪನಿ ಜೆಎಫ್‌ಇ 2010ರಲ್ಲಿ, ಇಲ್ಲೇ ತೋರಣಗಲ್ಲಿನಲ್ಲಿ ಕಾರ್ಖಾನೆ ಇರುವ ಜೆಎಸ್‌ಡಬ್ಲ್ಯು ಸ್ಟೀಲ್‌ನ ಶೇ 14.99 ಪಾಲು ಕೊಂಡಿತು, ಹೊಸ ಜಮೀನಿನ ಗೊಡವೆಗೇ ಹೋಗಲಿಲ್ಲ. ಅದೇ ವರ್ಷ ರಾಜ್ಯ ಸರ್ಕಾರದ ಜತೆ ಒಪ್ಪಂದ ಮಾಡಿಕೊಂಡ ಉಕ್ಕು ಕಂಪನಿ ಆರ್ಸೆಲರ್ ಮಿತ್ತಲ್‌ಗೆಂದು ಕುಡಿತಿನಿ ಸುತ್ತಲಿನ ಜಮೀನು ಹೋಯಿತು, ಉಕ್ಕಿನ ಕುಲುಮೆ ಬರಲಿಲ್ಲ, ರೈತರು ಧರಣಿ ಕೂತರು. ಪಕ್ಕದ ಗದಗ ಜಿಲ್ಲೆಯ ಹಳ್ಳಿಗುಡಿಯ ಉಕ್ಕಿನ ಯೋಜನೆಯನ್ನು ಕೊರಿಯಾದ ಪೋಸ್ಕೊ 2013ರಲ್ಲಿ ಕೈಬಿಟ್ಟಿತು. ಮುಂದೆ ಬರುವವರು ಮೊದಲು ಓದುವುದೇ ಇಂಥ ಸುದ್ದಿಯನ್ನು. ರೈತರಿಗೆ ನ್ಯಾಯ ಕೊಡದೆ ಇಟ್ಟುಕೊಂಡ ಜಮೀನು ಹೂಡಿಕೆಗೆ ಆಕರ್ಷಣೆಯಲ್ಲ, ಅಡ್ಡಿ.

ಸಿದ್ಧ ಉಡುಪಿನವರಿಗೆ ಗಣಿಯ ಹಂಗಿಲ್ಲ. ವಿಯೆಟ್ನಾಂ ಆದರೂ ಸರಿ, ಬಾಂಗ್ಲಾದೇಶವಾದರೂ ಸರಿ. ಬಳ್ಳಾರಿಯಿಂದ ಚೆನ್ನೈ ಬಂದರು ಸುಮಾರು 500 ಕಿ.ಮೀ., ಆ ಬಾಡಿಗೆಯನ್ನು ಬೇರೆಡೆ ಉಳಿಸಿ ತೋರಿಸಬೇಕು. ಅದಕ್ಕಿಂತ ದೊಡ್ಡ ತೊಡಕು ಜೀನ್ಸ್ ತೊಳೆಯುವ ಘಟಕದ ಚರಂಡಿ. ವಿದೇಶಿ ಬ್ರ್ಯಾಂಡಿನ ತಪಾಸಣೆಯವರು ಅಲ್ಲಿಂದಲೇ ನೀರಿನ ಮಾದರಿ ಎತ್ತುತ್ತಾರೆ. ಪಿಎಚ್ (ನೀರಿನ ಆಮ್ಲ-ಕ್ಷಾರದ ಮಟ್ಟ) 6.5ರಿಂದ 8.5ರೊಳಗೆ ತರುವುದು ಕಷ್ಟವಲ್ಲ. ಕರಗಿದ ಲವಣವನ್ನು ಲೀಟರಿಗೆ 2100 ಮಿಲಿಗ್ರಾಂ ಒಳಗೆ ಇಳಿಸುವುದೇ ಕಷ್ಟ. ಬ್ಲೀಚು, ಅದನ್ನು ತಣಿಸುವ ರಾಸಾಯನಿಕ, ಬಣ್ಣಕ್ಕೆ ಹಾಕುವ ಉಪ್ಪು ಎಲ್ಲವೂ ನೀರಲ್ಲೇ ಉಳಿಯುತ್ತವೆ. ಸೂಕ್ಷ್ಮಜೀವಿಗಳ ತೊಟ್ಟಿ ಕೊಳೆಯನ್ನು ತಿನ್ನುತ್ತದೆ, ಉಪ್ಪನ್ನು ಮುಟ್ಟುವುದಿಲ್ಲ. ಅದಕ್ಕೆ ಆರ್‌ಒ (ನೀರನ್ನು ತೆಳು ಪದರದ ಮೂಲಕ ಒತ್ತಿ ಉಪ್ಪು ಬೇರ್ಪಡಿಸುವ ಯಂತ್ರ) ಬೇಕು, ಉಳಿದ ಉಪ್ಪುನೀರನ್ನು ಆವಿ ಮಾಡುವ ಯಂತ್ರ ಬೇಕು. ಜೀನ್ಸ್ ಮಾಸಲು ಮಾಡಲು ಬಳಸುವ ಪ್ಯೂಮಿಸ್ ಕಲ್ಲಿನ ಪುಡಿಯನ್ನೂ ಬಟ್ಟೆಯ ನಾರನ್ನೂ ಮೊದಲೇ ಸೋಸದಿದ್ದರೆ ಆರ್‌ಒ ಪದರ ಬೇಗ ಕಟ್ಟಿಕೊಳ್ಳುತ್ತದೆ. ಸಣ್ಣ ಘಟಕಗಳು ಒಂಟಿಯಾಗಿ ಈ ಖರ್ಚು ಹೊರಲಾರವು, ಎಲ್ಲರಿಗೂ ಸೇರಿ ಒಂದು ಸಾಮೂಹಿಕ ಶುದ್ಧೀಕರಣ ಘಟಕ ಬೇಕು.

ಇನ್ನು ನೀರು. ತುಂಗಭದ್ರಾ ಜಲಾಶಯದ 133 ಟಿಎಂಸಿ ಸಾಮರ್ಥ್ಯ ಹೂಳಿನಿಂದ ಸುಮಾರು 105.8ಕ್ಕೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋದದ್ದನ್ನು ಹೊರಗಿನವರೂ ಓದಿದ್ದಾರೆ. 'ನದಿ ಇದೆ' ಎಂದರೆ ಅವರು ನಂಬುವುದಿಲ್ಲ, ಏಪ್ರಿಲ್-ಮೇನಲ್ಲಿ ದಿನಕ್ಕೆಷ್ಟು ಸಿಗುತ್ತದೆ ಎಂದು ಕೇಳುತ್ತಾರೆ.

ಜಿಲ್ಲಾ ಕೈಗಾರಿಕಾ ಕೇಂದ್ರಗಳು ಒಂದೊಂದು ಕೈಗಾರಿಕಾ ಪ್ರದೇಶಕ್ಕೂ ಒಂದು ಕಡತ ಮಾಡಲಿ: ಸರ್ವೆ ನಂಬರ್‌ವಾರು ಪಹಣಿ, ಕೋರ್ಟಿನಲ್ಲಿರುವ ತಕರಾರು, ತಿಂಗಳುವಾರು ನೀರು, ಫೀಡರ್ (ವಿದ್ಯುತ್ ಮಾರ್ಗ) ವಾರು ಕರೆಂಟ್ ಹೋದ ಗಂಟೆಗಳು, ಐಟಿಐಗಳಿಂದ ಟ್ರೇಡ್‌ವಾರು ಹೊರಬರುವ ಮಕ್ಕಳ ಸಂಖ್ಯೆ, ಬಂದರಿಗೆ ಕಂಟೇನರ್ ಬಾಡಿಗೆ. ತಕರಾರನ್ನು ಮುಚ್ಚಿಡಬಾರದು, ಅದು ಹೇಗೂ ಹೊರಬರುತ್ತದೆ. ಜೆಸ್ಕಾಂ, ನೀರಾವರಿ ನಿಗಮ, ತಹಶೀಲ್ದಾರ್ ಕಚೇರಿಗಳಲ್ಲಿ ಚದುರಿರುವ ಈ ಲೆಕ್ಕವನ್ನು ಒಟ್ಟುಮಾಡಿ ಮೂರು ತಿಂಗಳಿಗೊಮ್ಮೆ ತಿದ್ದುವ ಹೊಣೆಯನ್ನು ಒಬ್ಬ ಅಧಿಕಾರಿಗೆ ವಹಿಸಬೇಕೆಂದು ಮೂರೂ ಜಿಲ್ಲಾಧಿಕಾರಿಗಳಲ್ಲಿ ವಿನಂತಿ.

– ಕೈಗಾರಿಕಾ ಯೋಜನಾ ಸಲಹೆಗಾರರು, ಬಳ್ಳಾರಿ