ಶಾಸಕರೇ, ನಮ್ಮ ಮಾವನ ಡೈರಿಗೆ ಒಂದು ಬೋರ್ಡ್ ಕೊಡಿ

ಮಾನ್ಯ ಶಾಸಕರೇ,

ನಮಸ್ಕಾರ. ನಮ್ಮ ಸೋದರಮಾವನ ಹನ್ನೊಂದನೇ ದಿನದ ಕಾರ್ಯಕ್ಕೆ ನೀವು ಬಂದಿದ್ದಿರಿ. ಜಗಲಿ ಮೇಲೆ ಕೂತು ಅತ್ತೆಗೆ ಸಮಾಧಾನ ಹೇಳಿದಿರಿ. ಹೊರಡುವಾಗ ನನ್ನ ಕಡೆ ತಿರುಗಿ, "ಏನಾದರೂ ಬೇಕಿದ್ರೆ ಹೇಳಮ್ಮ" ಅಂದಿರಿ. ಅವತ್ತು ನನಗೆ ಏನೂ ತೋಚಲಿಲ್ಲ. ಈಗ ಕೇಳುತ್ತಿದ್ದೇನೆ. ಎಲ್ಲರೂ ಓದುವ ಹಾಗೆ ಕೇಳುತ್ತಿದ್ದೇನೆ, ಯಾಕೆಂದರೆ ಇದು ನಮ್ಮ ತಾಲ್ಲೂಕಿನ ಪ್ರತಿ ಮನೆಗೂ ಗೊತ್ತಾಗಬೇಕಾದ ಮಾತು.

ಮಾವನನ್ನು ನೀವು ಊರ ಹಾಲಿನ ಡೈರಿ ಕಾರ್ಯದರ್ಶಿ ಅಂತ ಬಲ್ಲಿರಿ. ನಾನು ಬೆಳೆದದ್ದು ಅವರ ಮನೆಯಲ್ಲಿ. ನನಗೆ ಕಿವಿ ಚುಚ್ಚಿಸಿದ್ದು ಅವರ ತೊಡೆ ಮೇಲೆ ಕೂರಿಸಿ. ಮದುವೆ ದಿನ ನನ್ನನ್ನು ಎತ್ತಿಕೊಂಡು ಹಸೆಮಣೆಗೆ ತಂದವರೂ ಅವರೇ. "ಒಂದು ಕ್ಯಾನ್ ಹಾಲಿನಷ್ಟೂ ತೂಕ ಇಲ್ವಲ್ಲೇ, ಏನು ತಿಂತೀಯ" ಅಂತ ಕಿವಿಯಲ್ಲಿ ಹೇಳಿ, ನನ್ನನ್ನು ಇಳಿಸಿ, ಆ ಕಡೆ ತಿರುಗಿ ಕಣ್ಣು ಒರೆಸಿಕೊಂಡರು.

ಬೆಳಗ್ಗೆ ಐದೂವರೆಗೆ ಡೈರಿ ಬಾಗಿಲು ತೆಗೆದರೆ ಇಪ್ಪತ್ತು ಲೀಟರ್ ತಂದವರಿಗೂ ಒಂದು ಲೀಟರ್ ತಂದ ಅಜ್ಜಿಗೂ ಒಂದೇ ಮಾತು, ಒಂದೇ ಅಳತೆ. ಫ್ಯಾಟು ಇಳಿದಿದ್ದರೆ "ಹಿಂಡಿ ಕಮ್ಮಿ ಮಾಡಿದ್ಯೇನವ್ವ" ಅಂತ ವಿಚಾರಿಸುತ್ತಿದ್ದರು. ಬಟವಾಡೆ ದಿನ ನಡೆಯಲಾಗದವರ ದುಡ್ಡನ್ನು ತಾವೇ ಮನೆಗೆ ಹೋಗಿ ಕೊಟ್ಟು ಬರುತ್ತಿದ್ದರು. ರಾತ್ರಿ ಮಲಗುವ ಮುಂಚೆ ಹಾಲಿನ ಲೆಕ್ಕದ ಪುಸ್ತಕದಲ್ಲಿ ಮಾರನೇ ದಿನದ ಪುಟಕ್ಕೆ ತಾರೀಕು ಬರೆದು, ಸ್ಕೇಲ್ ಇಟ್ಟು ಗೆರೆ ಎಳೆದು ಇಡುವುದು ಅವರ ಅಭ್ಯಾಸ. ಕೊನೆಯ ಪುಟ ಹಾಗೇ ಇದೆ. ತಾರೀಕು ಇದೆ, ಗೆರೆ ಇದೆ. ಹೆಸರು ಒಂದೂ ಇಲ್ಲ.

ಊರ ಹಬ್ಬದ ಮಾರನೇ ದಿನ ನಾಲ್ಕೂವರೆಗೆ ಎದ್ದು, ಎದೆ ಉರಿ ಅಂದರು. ಹಬ್ಬದ ಊಟ ಜಾಸ್ತಿ ಆಗಿದೆ, ಗ್ಯಾಸ್ ಇರಬೇಕು ಅಂದುಕೊಂಡೆವು. ಅತ್ತೆ ನಿಂಬೆರಸಕ್ಕೆ ಸೋಡಾಪುಡಿ ಹಾಕಿ ಕೊಟ್ಟರು. ಆಮೇಲೆ ದವಡೆ ನೋವು ಅಂದರು. ನಾನು ಹಲ್ಲುನೋವು ಅಂದುಕೊಂಡು ಡಬ್ಬಿಯಿಂದ ಒಂದು ಲವಂಗ ತೆಗೆದು ಕೊಟ್ಟೆ. ಅದನ್ನೂ ಬಾಯಲ್ಲಿಟ್ಟುಕೊಂಡರು. ಬನಿಯನ್ ಬೆವರಿನಲ್ಲಿ ತೊಯ್ದು ಹೋಗಿತ್ತು. ಇದೆಲ್ಲ ಹೃದಯಾಘಾತದ ಲಕ್ಷಣ ಅಂತ ಈಗ ಗೊತ್ತು. ಅವತ್ತು ಮುಕ್ಕಾಲು ಗಂಟೆ ಹೀಗೇ ಹೋಯಿತು.

ಪಕ್ಕದ ಮನೆಯವರು ಕಾರು ತೆಗೆದರು. ಮೈಸೂರಿಗೆ ನಡೀರಿ ಅಂದರು ಎಲ್ಲರೂ. ತಾಲ್ಲೂಕು ಆಸ್ಪತ್ರೆ ಮುಂದೆಯೇ ಹೋದೆವು. ಗೇಟು ತೆರೆದಿತ್ತು, ಒಳಗೆ ಲೈಟು ಉರಿಯುತ್ತಿತ್ತು. "ಇಲ್ಲಿ ನಿಲ್ಲಿಸಬೇಡಿ, ಸುಮ್ನೆ ಟೈಮ್ ಹೋಗುತ್ತೆ" ಅಂದವಳು ನಾನೇ. ಕೆ.ಆರ್. ನಗರ ಮುಟ್ಟುವ ಮೊದಲೇ ಮಾವನ ತಲೆ ನನ್ನ ತೊಡೆ ಮೇಲೆ ವಾಲಿತು. ಹಾಗೆ ಪ್ರಜ್ಞೆ ತಪ್ಪಿ ಉಸಿರು ನಿಂತಾಗ ಎದೆಯ ನಡುವೆ ಎರಡೂ ಕೈ ಇಟ್ಟು, ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತಬೇಕಂತೆ. ಕಾರಿನಲ್ಲಿದ್ದ ನಾಲ್ವರಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ನಾನು ಅವರ ಪಾದ ಉಜ್ಜುತ್ತಾ ಕೂತಿದ್ದೆ.

ಕಾರ್ಯದ ದಿನ ನೀವು ಹೋದ ಮೇಲೆ ನಮ್ಮೂರಿನ ಆಶಾ ಕಾರ್ಯಕರ್ತೆ ನನ್ನ ಪಕ್ಕ ಬಂದು ಕೂತರು. "ಅಕ್ಕಾ, ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ ಇಂಜೆಕ್ಷನ್ ಕೊಡ್ತಾರಲ್ಲ, ಅಲ್ಲಿಗ್ಯಾಕೆ ಹೋಗ್ಲಿಲ್ಲ?" ಅಂದರು. ಆ ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಶುರುವಾಗಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಕೆಲವೇ ನಿಮಿಷದಲ್ಲಿ ಉತ್ತರ ಬರುತ್ತದೆ. ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಕೊಡುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ, ಅಲ್ಲಿ ಉಚಿತ. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಅಲ್ಲಿ ನಿಲ್ಲಿಸಿದ್ದರೆ ಮಾವ ಖಂಡಿತ ಉಳಿಯುತ್ತಿದ್ದರು ಅಂತ ನಾನು ಹೇಳಲಾರೆ. ಆದರೆ ನಿಲ್ಲಿಸಬೇಕಿತ್ತು.

ಡೈರಿ ಗೋಡೆ ಮೇಲೆ ಅಪ್ಪು ಫೋಟೊ ಇದೆ. 2021ರ ಅಕ್ಟೋಬರ್ 29ರಂದು ಅವರು ತೀರಿಕೊಂಡ ಸುದ್ದಿ ಕೇಳಿ, ಮಾವ ಹಾಕಿಸಿದ ಫೋಟೊ ಅದು. "46 ವರ್ಷ ಸಾಯುವ ವಯಸ್ಸೇನೇ" ಅಂತ ಅವತ್ತು ಊಟ ಬಿಟ್ಟಿದ್ದರು. ಪ್ರತಿ ದಿನ ಬೆಳಗ್ಗೆ ಅದಕ್ಕೆ ಒಂದು ಹೂವು ಇಡುತ್ತಿದ್ದರು. ಅದೇ ಅಪ್ಪು ಹೆಸರಿನ ಯೋಜನೆ ಪಕ್ಕದ ಪೇಟೆಯಲ್ಲೇ ಇದೆ ಅಂತ ಮಾವನಿಗೆ ಗೊತ್ತಾಗಲೇ ಇಲ್ಲ.

2025ರ ಜೂನ್, ಜುಲೈನಲ್ಲಿ ನಮ್ಮ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ದಿನವಿಡೀ ಟಿವಿಯಲ್ಲಿ ಬರುತ್ತಿತ್ತು. ಸರ್ಕಾರ ತಜ್ಞರ ಸಮಿತಿ ಮಾಡಿತು. ಮೈಸೂರಿನ ಜಯದೇವದ ಮುಂದೆ ನಿಂತ ಉದ್ದದ ಕ್ಯೂ ತೋರಿಸಿದ್ದೇ ತೋರಿಸಿದ್ದು. ನಮ್ಮ ಜನರ ತಲೆಯಲ್ಲಿ ಕೂತದ್ದು ಆ ಕ್ಯೂ. ಎದೆನೋವು ಅಂದರೆ ಮೈಸೂರು ಅಂತಲೇ ಆಗಿಹೋಯಿತು.

ಶಾಸಕರೇ, ನಾನು ಹೊಸ ಕಟ್ಟಡ ಕೇಳುತ್ತಿಲ್ಲ. ಪ್ರತಿ ಊರಿನ ಡೈರಿ, ಪಂಚಾಯಿತಿ, ನ್ಯಾಯಬೆಲೆ ಅಂಗಡಿ ಮುಂದೆ ಒಂದು ಬೋರ್ಡ್ ಹಾಕಿಸಿ. ಎದೆ ಉರಿ, ಬೆವರು, ಎಡಗೈ ಅಥವಾ ದವಡೆ ನೋವು ಬಂದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ, ತಾಲ್ಲೂಕು ಆಸ್ಪತ್ರೆಗೆ ಬನ್ನಿ, ಇಂಜೆಕ್ಷನ್ ಉಚಿತ ಅಂತ ದೊಡ್ಡ ಅಕ್ಷರದಲ್ಲಿ ಬರೆಸಿ. ರಾತ್ರಿ ಪಾಳಿಯಲ್ಲೂ ಇಸಿಜಿ ತೆಗೆಯುವವರು ಇರುವ ಹಾಗೆ ನೀವೇ ಒಮ್ಮೆ ಹೋಗಿ ನೋಡಿ. ಮುಂದಿನ ಗ್ರಾಮಸಭೆಗೆ ಒಬ್ಬ ನರ್ಸ್ ಕಳಿಸಿ, ಎದೆ ಒತ್ತುವುದನ್ನು ನಮಗೆ ಕಲಿಸಿಕೊಡಿ. ಮೊದಲು ಕಲಿಯುವವಳು ನಾನು.

ಡೈರಿಯಲ್ಲಿ ಅಪ್ಪು ಫೋಟೊ ಪಕ್ಕ ಮಾವನ ಫೋಟೊ ಹಾಕಿದ್ದೇವೆ. ಅದರ ಪಕ್ಕ ಇನ್ನೊಂದು ಮೊಳೆ ಹೊಡೆದು ಜಾಗ ಬಿಟ್ಟಿದ್ದೇವೆ. ಮೊದಲ ಬೋರ್ಡ್ ಅಲ್ಲಿಗೆ ಕಳಿಸಿ.

ಇಂತಿ,
ಡೈರಿ ಕಾರ್ಯದರ್ಶಿಯವರ ಸೋದರ ಸೊಸೆ