ಮಾತ್ರೆ ಬಿಡಬೇಡಿ ಅಂತ ಅಪ್ಪಾಜಿಗೆ ಹೇಳು

ಓಸ್ಲೋ, ಡಿಸೆಂಬರ್

ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಪಾಪುವಿನ ನೆಗಡಿ ವಾಸಿಯಾಗಿದೆ.

ನಿನ್ನ ಕಾಗದ ಓದಿದಾಗಿನಿಂದ ಕೆಲಸದಲ್ಲಿ ಮನಸ್ಸೇ ನಿಲ್ಲುತ್ತಿಲ್ಲ. ಫೋನ್ ಮಾಡಿದರೆ ಅಪ್ಪಾಜಿ ಪಕ್ಕದಲ್ಲೇ ಇರುತ್ತಾರೆ, ಅದಕ್ಕೇ ಬರೆದೆ ಅಂದೆಯಲ್ಲ, ನಾನೂ ಇದನ್ನು ವನಜಕ್ಕನ ವಿಳಾಸಕ್ಕೆ ಹಾಕುತ್ತಿದ್ದೇನೆ. ಚಿಕ್ಕಪ್ಪ ಮಹಡಿ ಕಟ್ಟಿಸಿದ ಮೇಲೆ ಅಪ್ಪಾಜಿ ರಾತ್ರಿಯೆಲ್ಲ ಎದ್ದು ಕೂರುತ್ತಾರೆ, ಬಿಪಿ ಮಾತ್ರೆ ಬಿಟ್ಟಿದ್ದಾರೆ, ಆ ಮನೆ ಮುಂದೆ ಹಾಯಬಾರದು ಅಂತ ಕೆರೆ ಏರಿ ಸುತ್ತಿಕೊಂಡು ತೋಟಕ್ಕೆ ಹೋಗುತ್ತಾರೆ. ಇದೆಲ್ಲ ಓದಿ ನನಗೆ ಕೈಕಾಲೇ ಆಡಲಿಲ್ಲ.

ದೃಷ್ಟಿಯಾಗಿದೆ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದೀಯ. ನಿವಾಳಿಸು, ಬೇಡ ಅನ್ನಲ್ಲ. ಆದರೆ ಕಣ್ಣು ನೆಟ್ಟಿರುವುದು ಅಪ್ಪಾಜಿಯದೇ ಅಲ್ವಾ? ಊರಲ್ಲಿ ಅದಕ್ಕಿಂತ ದೊಡ್ಡ ಮನೆಗಳಿವೆ. ರೈಸ್ ಮಿಲ್ಲಿನವರ ಮನೆ ನೋಡಿ ಅಪ್ಪಾಜಿ ಒಂದು ರಾತ್ರಿಯೂ ನಿದ್ದೆಗೆಟ್ಟವರಲ್ಲ. ಒಂದೇ ತಟ್ಟೆಯಲ್ಲಿ ಉಂಡವನು ಮೇಲೆ ಹೋದರೆ ತಡೆಯುವುದು ಕಷ್ಟ. ದುರ್ಯೋಧನನಿಗೆ ಹಸ್ತಿನಾಪುರವೇ ಇತ್ತು, ಆದರೂ ದಾಯಾದಿಗಳ ಸಭೆ ನೋಡಿ ಬಂದು ಸೊರಗಿಹೋದ.

ಈ ನಾರ್ವೆ ದೇಶದಲ್ಲಿ ಒಂದು ವಿಚಿತ್ರ ಇದೆ. ಯಾರ ಆದಾಯ ಎಷ್ಟು, ಎಷ್ಟು ತೆರಿಗೆ ಅಂತ ಯಾರು ಬೇಕಾದರೂ ಕೇಳಿ ನೋಡಬಹುದು! 2001ರಲ್ಲಿ ಪತ್ರಿಕೆಗಳು ಆ ಪಟ್ಟಿಯನ್ನು ಇಂಟರ್ನೆಟ್ಟಿಗೆ ಹಾಕಿದವು. ಜನ ಗೆಳೆಯರದು, ನೆಂಟರದು, ಪಕ್ಕದ ಮನೆಯವರದು ಹುಡುಕಿದ್ದೇ ಹುಡುಕಿದ್ದು. ಅದಾದ ಮೇಲೆ ಜಾಸ್ತಿ ಸಂಬಳದವರ ನೆಮ್ಮದಿಗೂ ಕಡಿಮೆ ಸಂಬಳದವರ ನೆಮ್ಮದಿಗೂ ಇದ್ದ ಅಂತರ ಇನ್ನಷ್ಟು ಹಿಗ್ಗಿತು ಅಂತ ಅಧ್ಯಯನ ಮಾಡಿದವರು ಬರೆದಿದ್ದಾರೆ. 2014ರಿಂದ ಯಾರ ಆದಾಯ ನೋಡಿದರೋ ಅವರಿಗೆ, ನೋಡಿದ್ದು ಯಾರು ಅಂತ ಗೊತ್ತಾಗುತ್ತದೆ. ಹುಡುಕುವವರು ತಟ್ಟನೆ ಕಡಿಮೆಯಾದರು. ಇವರು ಎಲ್ಲ ತೆರೆದಿಡುವುದು ನನಗೇನೋ ಇಷ್ಟ. ಕದ್ದು ನೋಡುವ ಚಟದಿಂದಲೇ ಜನ ಹಾಳಾಗುವುದು.

ಆದರೆ ಅಪ್ಪಾಜಿಯದು ಬರೀ ಹೊಟ್ಟೆಕಿಚ್ಚು ಅಂತ ಬರೆದೆಯಲ್ಲ, ಅದನ್ನು ನಾನು ಒಪ್ಪಲ್ಲ. ಚಿಕ್ಕಪ್ಪನ ಡಿಪ್ಲೊಮಾ ಫೀಸಿಗೆ ಅಂತ ಅಟ್ಟದ ಕಾಯಿ ಕೊಬ್ಬರಿಯಾಗುವ ಮೊದಲೇ ಇಳಿಸಿ ಬಂದ ರೇಟಿಗೆ ಮಾರಿದವರು ಅಪ್ಪಾಜಿ. ಗೃಹಪ್ರವೇಶದ ದಿನ ಚಿಕ್ಕಪ್ಪ ಮೇಸ್ತ್ರಿಗೂ ಶಾಲು ಹೊದಿಸಿದರಂತೆ, ಅಣ್ಣನ ಹೆಸರು ಎತ್ತಲಿಲ್ಲವಂತೆ. ಪುಟ್ಟಣ್ಣ ಹೇಳಿದ. ಆ ನೋವು ನಿಜವಾದದ್ದು. ಬಾಯಿಬಿಟ್ಟು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನುಂಗಿಕೊಂಡಿದ್ದರಿಂದ ತಮ್ಮನ ಮನೆಯ ಕಿಟಕಿ, ಗೇಟು, ಬಣ್ಣ ಎಲ್ಲದರ ಮೇಲೂ ಸಿಟ್ಟು. ಚಿಕ್ಕಪ್ಪನಿಗೆ ನಾನೇ ಫೋನ್ ಮಾಡುತ್ತೇನೆ. ಮನೆಗೆ ಬಂದು ಅಣ್ಣನ ಮುಂದೆ ಕೂತು ಆ ಕೊಬ್ಬರಿಯ ಮಾತು ಅವರ ಬಾಯಲ್ಲೇ ಬರಲಿ.

ತೋಟ ಅಡ ಇಟ್ಟು ನಮ್ಮ ಮನೆಗೂ ಮಹಡಿ ಎತ್ತುವ ಮಾತು ಮಾತ್ರ ಬೇಡವೇ ಬೇಡ. ಡಾಕ್ಟರಿಗೆ, ಔಷಧಿಗೆ ಎಷ್ಟು ಬೇಕಾದರೂ ಕಳಿಸುತ್ತೇನೆ. ಮಹಡಿಗೆ ಒಂದು ರೂಪಾಯಿಯೂ ಕಳಿಸಲ್ಲ.

ನೀನು ಹೆದರಬೇಡ. ಅಪ್ಪಾಜಿಗೆ ಏನೂ ಆಗಲ್ಲ, ಖಂಡಿತ ಏನೂ ಆಗಲ್ಲ. ನನ್ನ ಚಿಂತೆಯಂತೂ ಬೇಡವೇ ಬೇಡ. ಇಲ್ಲಿ ಸೂರ್ಯ ಹುಟ್ಟುವುದೇ ಬೆಳಿಗ್ಗೆ 9 ಆದ ಮೇಲೆ, ಆದರೂ ಚೆನ್ನಾಗಿದ್ದೇನೆ. ಊಟ, ನಿದ್ದೆ, ದುಡ್ಡು ಯಾವುದಕ್ಕೂ ತೊಂದರೆಯಿಲ್ಲ.

ಪಾಪುವನ್ನು ಕರೆತರುವ ಹೊತ್ತಾಯಿತು. ಕಾಗದ ಸಿಕ್ಕಿದ ದಿನವೇ ಅಪ್ಪಾಜಿಯನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗು. ಬಿಪಿ ಎಷ್ಟಿದೆ ಅಂತ ವನಜಕ್ಕನ ಕೈಲಿ ಮೆಸೇಜ್ ಹಾಕಿಸು. ಅಜ್ಜಿಗೆ ನಮಸ್ಕಾರ.

ನಿನ್ನ ಮಗಳು,
ಶೈಲ